ಕೊಂಡಿ ಕಳಚಿದಾಗ

ನಮ್ಮ ಕಾಕಾ ಇಳಕಲ್ಲಿನಲ್ಲಿ ನಲವತ್ತು ವರ್ಷ ಮಗ್ಗ ನಡೆಸಿದವರು. ಹೊಟ್ಟೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ. "ಖಾರ ಭಾಳ ತಿಂತಿದ್ರೇನ್ರಿ?" ಪಾಪ, ಕಾಕಾ ಗೋಡೆ ಕಡೆ ಹೊರಳುತ್ತಿದ್ದರು. ಆ ಪ್ರಶ್ನೆ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಡಾಕ್ಟರು ಬಯಾಪ್ಸಿ ರಿಪೋರ್ಟ್ ನೋಡಿ "ಇ-ಕ್ಯಾಡ್ಹೆರಿನ್ ಹೋಗಿದೆ" ಅಂದರು. ತಲೆಬುಡ ತಿಳಿಯಲಿಲ್ಲ. ಮನೆಗೆ ಬಂದು ಓದಿಕೊಂಡೆ.

ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸಬೇಕು. ಅದೇ ಕೊಂಡಿ. ಕಾಕಾರ ಹೆಂಡತಿ, ನಮ್ಮ ಕಾಕು, ಕಣ್ಣು ಕಿರಿದು ಮಾಡಿಕೊಂಡು ತಾಸುಗಟ್ಟಲೆ ಅದನ್ನೇ ಮಾಡುತ್ತಾರೆ. ಹೊಟ್ಟೆಯ ಒಳಪದರದ ಜೀವಕೋಶಗಳೂ ಹೀಗೇ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಆ ಕೊಂಡಿಯ ಪ್ರೋಟೀನೇ ಇ-ಕ್ಯಾಡ್ಹೆರಿನ್, ಅದನ್ನು ಮಾಡಿಸುವ ಜೀನ್ ಸಿಡಿಎಚ್1. ಅದು ಕೈಕೊಟ್ಟರೆ ಕೋಶಗಳು ಬಿಡಿಬಿಡಿಯಾಗಿ ಹೊಟ್ಟೆಯ ಗೋಡೆಯೊಳಗೆ ನುಸುಳುತ್ತವೆ. ಎಷ್ಟೋ ಸಲ ಗಡ್ಡೆ ಕಾಣುವುದೇ ಇಲ್ಲ, ಗೋಡೆ ಬಿರುಸಾಗುತ್ತದೆ ಅಷ್ಟೇ.

ಇಂಥ ಕಾವಲು ಜೀನ್‌ಗಳಿಗೆ ಟ್ಯೂಮರ್ ಸಪ್ರೆಸರ್, ಅಂದರೆ ಗಡ್ಡೆ ತಡೆಯುವವು, ಅಂತಾರೆ. ಟಿಪಿ53 ಇನ್ನೊಂದು. ಡಿಎನ್‌ಎ ಕೆಟ್ಟರೆ ಕೋಶ ಒಡೆದು ಎರಡಾಗದಂತೆ ತಡೆಯುತ್ತದೆ, ರಿಪೇರಿ ಆಗದಿದ್ದರೆ ಕೋಶವನ್ನೇ ಸಾಯಿಸುತ್ತದೆ. ಈ ಜೀನ್‌ಗಳಿಗೆ ಅಪ್ಪನದೊಂದು, ಅವ್ವನದೊಂದು ನಕಲು. ಸಾಮಾನ್ಯವಾಗಿ ಎರಡೂ ಕೆಡಬೇಕು. ಅದಕ್ಕೇ ಕ್ಯಾನ್ಸರ್ ಆಗಲು ವರ್ಷಗಳು ಹಿಡಿಯುತ್ತವೆ.

ನ್ಯೂಜಿಲೆಂಡಿನ ಒಂದು ಮಾವೊರಿ ಮನೆತನದಲ್ಲಿ ತಲೆಮಾರುಗಳಿಂದ ಹೊಟ್ಟೆ ಕ್ಯಾನ್ಸರ್‌ಗೆ ಜನ ಸಾಯುತ್ತಿದ್ದರು. ಹುಟ್ಟಿನಿಂದಲೇ ಒಂದು ಸಿಡಿಎಚ್1 ಕೆಟ್ಟಿರುತ್ತಿತ್ತು ಅಂತ 1998ರಲ್ಲಿ ಗೊತ್ತಾಯಿತು. ಅವರೇನು ನಮ್ಮ ಕೆಂಪು ಮೆಣಸಿನಕಾಯಿ ಚಟ್ನಿ, ರಂಜಕ, ತಿಂದಿದ್ದರಾ?

ಹಾಗಂತ ಎಲ್ಲವೂ ವಂಶದ್ದಲ್ಲ, ಅಂಥವು ಕಡಿಮೆಯೇ. ಹೊಟ್ಟೆಯಲ್ಲಿ ವರ್ಷಗಟ್ಟಲೆ ಠಿಕಾಣಿ ಹೂಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾವನ್ನು 1994ರಲ್ಲೇ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದ್ದಾರೆ. ಅದರ ಉರಿಯೂತದಿಂದ ಕೆಲವೊಮ್ಮೆ ಸಿಡಿಎಚ್1 ಜೀನ್ ಕೆಡದೆಯೇ ಅದಕ್ಕೆ ಬೀಗ ಬಿದ್ದು ಕೆಲಸ ನಿಲ್ಲುತ್ತದೆ. ತಂಬಾಕು, ಜಾಸ್ತಿ ಉಪ್ಪು ಹಾಕಿಟ್ಟ ಆಹಾರವೂ ಪಾಲುದಾರರು. ಕಾಕಾ ಎಂಟು ತಿಂಗಳು ಅಂಗಡಿಯ ಗ್ಯಾಸ್ ಗುಳಿಗೆ ನುಂಗಿದರು. "ಎಂಡೋಸ್ಕೋಪಿ ಮಾಡ್ಸೀರೇನು?" ಅಂತ ಆಗ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇದನ್ನೆಲ್ಲ ಕಾಕಾಗೆ ಹೇಳಿದೆ. ಸುಮ್ನೆ ಕೇಳಿಸಿಕೊಂಡು, "ಹರದ ಕೊಂಡಿ ಮತ್ತ ಹಾಕಾಕ ಬರಂಗಿಲ್ಲೇನು?" ಅಂದರು. ಸದ್ಯಕ್ಕೆ ಅಂಥ ಔಷಧ ಇಲ್ಲ ಕಾಕಾ ಅಂದೆ.

"ಇರ್ಲಿ ಬಿಡು. ಖಾರದ್ದ ತಪ್ಪಿಲ್ಲ ಅಂದ್ಯಲ್ಲ, ಆ ಕೆಂಪ್ ಚಟ್ನಿ ಚೂರ ನಾಲಗಿಗೆ ಹಚ್ಚು."