ಐದು ವರ್ಷ ಮೊದಲೇ ಮುಟ್ಟಿದ ಗುರಿ

ನಮ್ಮ ತಾರಸಿಯಲ್ಲಿ ಮೂರು ಕಿಲೋವ್ಯಾಟ್‌ನ ಸೋಲಾರ್ ಫಲಕಗಳಿವೆ. ಮಧ್ಯಾಹ್ನ ಹನ್ನೆರಡಕ್ಕೆ ಇನ್ವರ್ಟರ್‌ನ ಪುಟ್ಟ ಪರದೆ 2.4 ಎಂದು ತೋರಿಸುತ್ತದೆ. ಆಗ ಮನೆಯಲ್ಲಿ ಓಡುವುದು ಫ್ರಿಜ್ ಮತ್ತು ಅಮ್ಮ ಮಲಗಿರುವ ಕೋಣೆಯ ಫ್ಯಾನು, ಅಷ್ಟೇ. ಸಂಜೆ ಏಳಕ್ಕೆ ದೀಪ, ಟಿ.ವಿ., ಇಡ್ಲಿಹಿಟ್ಟಿನ ಗ್ರೈಂಡರ್ ಎಲ್ಲವೂ ಒಟ್ಟಿಗೆ ಶುರುವಾಗುತ್ತವೆ. ಪರದೆಯಲ್ಲಿ ಸೊನ್ನೆ. ಸರ್ಕಾರಿ ಲೆಕ್ಕದಲ್ಲಿ ಆಗಲೂ ನಮ್ಮ ತಾರಸಿಯ 'ಸ್ಥಾಪಿತ ಸಾಮರ್ಥ್ಯ' ಮೂರು ಕಿಲೋವ್ಯಾಟ್!

2030ರೊಳಗೆ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳ ಹಂಗಿಲ್ಲದ್ದಾಗಿರುತ್ತದೆ ಎಂದು 2022ರಲ್ಲಿ ಭಾರತ ವಿಶ್ವಸಂಸ್ಥೆಗೆ ಬರೆದುಕೊಟ್ಟಿತ್ತು. 2025ರಲ್ಲೇ ಆ ಗುರಿ ಮುಟ್ಟಿದೆವು. ಪಾವಗಡದಂಥ ಒಣನೆಲದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತದ್ದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಆದರೆ ನಾವು ಉರಿಸುವ ಹತ್ತು ಯೂನಿಟ್‌ನಲ್ಲಿ ಸುಮಾರು ಏಳು ಈಗಲೂ ಕಲ್ಲಿದ್ದಲಿನವೇ. ಐದು ವರ್ಷ ಮೊದಲೇ ಕೈಗೆ ಸಿಕ್ಕ ಗುರಿಯನ್ನು ಎಷ್ಟು ಕೆಳಗೆ ನೇತುಹಾಕಿದ್ದರು ಎಂದು ಕೇಳಬಾರದೇ?

ಇನ್ನೊಂದು ಗುರಿ ಇನ್ನೂ ಜಾಣತನದ್ದು. ಜಿಡಿಪಿಯ ಪ್ರತಿ ರೂಪಾಯಿಗೆ ಉಗುಳುವ ಇಂಗಾಲವನ್ನು 2005ಕ್ಕೆ ಹೋಲಿಸಿದರೆ ಶೇ 45ರಷ್ಟು ತಗ್ಗಿಸುವುದು. 2020ರ ಹೊತ್ತಿಗೇ ಶೇ 36 ತಗ್ಗಿತ್ತು. ಒಟ್ಟು ಹೊಗೆ ಮಾತ್ರ, ಕೋವಿಡ್‌ನ 2020 ಒಂದನ್ನು ಬಿಟ್ಟರೆ, ಏರುತ್ತಲೇ ಇತ್ತು. ಸಂಬಳದ ಜೊತೆ ಸಾಲವನ್ನೂ ಬೆಳೆಸಿಕೊಂಡು, "ಸಂಬಳಕ್ಕೆ ಹೋಲಿಸಿದರೆ ಸಾಲ ಇಳಿದಿದೆ" ಎಂದು ಹೆಂಡತಿಯ ಮುಂದೆ ವಾದಿಸಿದ ಹಾಗೆ.

ಹಾಗೆಂದು 2070ರ ನಿವ್ವಳ ಶೂನ್ಯದ, ಅಂದರೆ ಉಗುಳಿದಷ್ಟೇ ಇಂಗಾಲವನ್ನು ವಾಪಸ್ ಹೀರಿಕೊಳ್ಳುತ್ತೇವೆಂಬ ಭಾರತದ ಮಾತು ಕೇಳಿ ನಗುವ ಪರದೇಶದವರ ಜೊತೆ ನಾನಿಲ್ಲ. ಒಬ್ಬ ಅಮೆರಿಕನ್ನನ ಪಾಲಿನ ಹೊಗೆಯಲ್ಲಿ ಆರೇಳು ಭಾರತೀಯರು ವರ್ಷ ಕಳೆಯುತ್ತಾರೆ. ಅವರಿಗೆ ಉತ್ತರ ಕೊಡಲು ಈ ಅಂಕಿ ಸಾಕು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಸಾಲದು.

ನನ್ನ ತಕರಾರು ಅಳತೆಗೋಲಿನ ಬಗ್ಗೆ. ನಿಲ್ಲಿಸಿದ ಫಲಕ ಎಣಿಸುವುದನ್ನು ಬಿಟ್ಟು, ಸಂಜೆ ಏಳರ ಯೂನಿಟ್ ಎಲ್ಲಿಂದ ಬಂತು ಎಂದು ಎಣಿಸಲಿ. ಅದಕ್ಕೆ ಹಗಲಿನ ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆ ಬೇಕು. ಇಲ್ಲಿ ನನ್ನ ಬಾಯಿಯೂ ಕಟ್ಟುತ್ತದೆ: ಅದಕ್ಕೆಂದೇ ಹೊರಟಿರುವ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ (ಹೆಚ್ಚಾದ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವುದು) ಸಿಂಗಳೀಕಗಳ ಅಭಯಾರಣ್ಯದೊಳಕ್ಕೇ ಕೈ ಹಾಕಿದೆ. ಅದು ಬೇಡವೆಂಬ ಮನವಿಗೆ ನಾನೂ ಸಹಿ ಹಾಕಿದ್ದೇನೆ. ತಾರಸಿಗೊಂದು ಬ್ಯಾಟರಿ ಹಾಕಿಸೋಣವೆಂದು ಅಂಗಡಿಗೂ ಹೋಗಿದ್ದೆ. ದರ ಕೇಳಿ ಬಂದಿದ್ದೇನೆ, ಇನ್ನೂ ಕೊಂಡಿಲ್ಲ.