ಹಬ್ಬದಿಂದ ಹಿಂದಕ್ಕೆ ಎಣಿಸುವ ಹೂದೋಟ

ಚಿತ್ರದುರ್ಗದ ನಮ್ಮ ಮನೆಯ ಹಿತ್ತಲಲ್ಲಿ ಹೂವಿನ ಬೀಜ ಮಣ್ಣಿಗೆ ಬೀಳುವುದು ಪಂಚಾಂಗ ನೋಡಿದ ಮೇಲೆ. ಈ ಸಲ ದಸರೆ ಯಾವತ್ತು ಎಂದು ಅವ್ವ ಮೊದಲು ಕೇಳಿ ತಿಳಿದುಕೊಳ್ಳುತ್ತಾಳೆ. ಅಲ್ಲಿಂದ ಎರಡೂವರೆ ತಿಂಗಳು ಹಿಂದಕ್ಕೆ ಎಣಿಸಿ ಚೆಂಡು ಹೂವಿನ ಅಗೆ ಹಾಕುತ್ತಾಳೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂದಿತ್ತು, 2025ರಲ್ಲಿ ಅಕ್ಟೋಬರ್ 2ಕ್ಕೇ ಬಂತು. ಇಂಗ್ಲಿಷ್ ತಿಂಗಳನ್ನು ನಂಬಿ ಬಿತ್ತಿದವರಿಗೆ ಬನ್ನಿ ಕೊಡುವ ಹೊತ್ತಿಗೆ ಮೊಗ್ಗು ಮಾತ್ರ ಸಿಕ್ಕೀತು. ಕುಡಿ ಚಿವುಟಿದರೆ ಕವಲೊಡೆದು ಹೂ ಹೆಚ್ಚುತ್ತದೆ, ಆದರೆ ಮೊದಲ ಹೂ ತಡವಾಗುತ್ತದೆ ಎಂಬುದೂ ಆ ಲೆಕ್ಕದೊಳಗೇ ಇರುತ್ತದೆ.

ನಾನೀಗ ನೆಲೆಸಿರುವ ದೆಹಲಿಯಲ್ಲಿ ಹೂಗಿಡಗಳನ್ನು ಆರಿಸುವುದು ಹವೆಯನ್ನು ನೋಡಿ. ಮಳೆ ನಿಂತ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಪೆಟೂನಿಯಾ, ಪ್ಯಾನ್ಸಿ, ಫ್ಲಾಕ್ಸ್, ಕ್ಯಾಲೆಂಡುಲಾಗಳ ಬೀಜ ಬಿತ್ತಿ, ನವೆಂಬರ್‌ನಲ್ಲಿ ಸಸಿಗಳನ್ನು ಕಿತ್ತು ನೆಡುತ್ತಾರೆ. ಫೆಬ್ರುವರಿ, ಮಾರ್ಚ್‌ನಲ್ಲಿ ಅಂಗಳ ತುಂಬ ಬಣ್ಣ ಸುರಿಯುತ್ತದೆ, ಬಿಸಿಗಾಳಿ ಬೀಸುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಎತ್ತರದ ಗಿಡ ಹಿಂದೆ, ಗಿಡ್ಡವು ಮುಂದೆ ಎಂಬ ಅಲ್ಲಿನವರ ಶಿಸ್ತು ನನಗೆ ಬಹಳ ಹಿಡಿಸಿದೆ.

ಆ ಚೆಲುವಿಗೆ ಮರುಳಾಗಿ ಒಂದು ಜನವರಿಯಲ್ಲಿ ಪ್ಯಾನ್ಸಿ, ಪೆಟೂನಿಯಾ ಬೀಜಗಳನ್ನು ಊರಿಗೆ ಒಯ್ದು ಬಿತ್ತಿದೆ. ಸಸಿಗಳು ಬಂದವು, ಆದರೆ ಮಾರ್ಚ್ ಬಿಸಿಲಿಗೆ ಪ್ಯಾನ್ಸಿಯ ಎಲೆಯಂಚು ಕಂದಿ, ಕಾಂಡ ಉದ್ದಕ್ಕೆ ಎಳೆದು ಬಾಗಿ, ಹೂ ಕಾಣುವ ಮೊದಲೇ ಪಾತಿ ಒಣಗಿತು. ಬೇಸಿಗೆಗೆ ಬಾವಿ, ಬೋರ್‌ವೆಲ್ ಬತ್ತುವ ಊರಿನಲ್ಲಿ ಆ ಸಸಿಗಳಿಗೆಂದು ಅವ್ವ ದಿನವೂ ಎರಡು ಕೊಡ ನೀರು ಹೊತ್ತಿದ್ದಳು. ಪೊಟ್ಟಣದ ಚಿತ್ರ ನೋಡಿ ಗಿಡ ಆರಿಸಬಾರದೆಂದು ನಾನು ಕಲಿತದ್ದು ಆಗಲೇ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಹೆಚ್ಚು. ಆ ತೇವದಲ್ಲಿ ಬೆಳೆದು ಹೂ ಬಿಡುವ ಚೆಂಡು ಹೂ, ಗೌರಿ ಹೂ, ಕೋಳಿಜುಟ್ಟು, ಜಿನಿಯಾಗಳೇ ಹಿತ್ತಲಿಗೆ ಮೊದಲು ಬರಬೇಕು. ಬೇಸಿಗೆಗೆ ಹತ್ತು ಗಂಟೆ ಹೂ ಸಾಕು. ದಪ್ಪನೆಯ ಎಲೆಯಲ್ಲೇ ನೀರಿಟ್ಟುಕೊಂಡು ಬಿಸಿಲಲ್ಲೇ ಅರಳುವ ಗಿಡ ಅದು.

ಎರಡು ಊರಿನ ರೂಢಿಗಳು ಬೇರೆಯಾಗುವ ಇನ್ನೊಂದು ಕಡೆ ಬೀಜ. ದೆಹಲಿಯ ಮಾಲಿ ಬಾಡಿದ ಹೂಗಳನ್ನು ಆಗಾಗ ಕತ್ತರಿಸುತ್ತಾನೆ, ಹಾಗೆ ಮಾಡಿದರೆ ಗಿಡ ಬೀಜ ಕಟ್ಟಲು ಹೋಗದೆ ಮತ್ತೆ ಮೊಗ್ಗು ಬಿಡುತ್ತದೆ. ಅವ್ವ ದಪ್ಪ ಹೂವಿನ ಎರಡು ಗಿಡಗಳನ್ನು ಮುಟ್ಟುವುದೇ ಇಲ್ಲ. ಅವು ಗಿಡದಲ್ಲೇ ಒಣಗಿದ ಮೇಲೆ ಬುಡ ಹಿಸುಕಿ, ಒಂದು ತುದಿಗೆ ಬಿಳಿ ಗರಿಯಿರುವ ಕಪ್ಪು ಕಡ್ಡಿಯಂಥ ಬೀಜಗಳನ್ನು ಉದುರಿಸಿ, ಬೂದಿಯೊಂದಿಗೆ ಹಳೆ ಪಂಚೆಯ ತುಂಡಿನಲ್ಲಿ ಕಟ್ಟಿ ಅಡುಗೆಮನೆಯ ಮೊಳೆಗೆ ತೂಗುಹಾಕುತ್ತಾಳೆ. ನನ್ನ ಅಭಿಪ್ರಾಯದಲ್ಲಿ ಎರಡೂ ಒಂದೇ ಪಾತಿಯಲ್ಲಿ ನಡೆಯಬಹುದು: ಎರಡು ಗಿಡ ಬೀಜಕ್ಕೆ ಬಿಟ್ಟು ಉಳಿದವನ್ನು ಕತ್ತರಿಸುತ್ತಿರಬೇಕು. ಆದರೆ ಬೀಜ ನಾಟಿ ತಳಿಯದ್ದಾಗಿರಬೇಕು. ನರ್ಸರಿಯಿಂದ ತಂದ ಹೈಬ್ರಿಡ್ ಚೆಂಡು ಹೂವಿನ ಬೀಜವನ್ನು ಒಮ್ಮೆ ಎತ್ತಿಟ್ಟು ಬಿತ್ತಿದಾಗ ಒಂದು ಗಿಡ ಮೊಣಕಾಲೆತ್ತರ, ಇನ್ನೊಂದು ಸೊಂಟದೆತ್ತರ ಬೆಳೆದು, ಹೂವೂ ಒಂದರಂತೆ ಒಂದು ಇರಲಿಲ್ಲ.

ಈಗ ನನ್ನ ದೆಹಲಿಯ ಬಾಲ್ಕನಿಯಲ್ಲಿ ಎಂಟು ಕುಂಡಗಳಿವೆ. ಐದರಲ್ಲಿ ಅವ್ವ ಕಟ್ಟಿಕೊಟ್ಟ ಬೀಜವನ್ನು ದಸರೆಯಿಂದ ಹಿಂದಕ್ಕೆ ಎಣಿಸಿ ಬಿತ್ತುತ್ತೇನೆ. ಮೂರನ್ನು ನವೆಂಬರ್‌ನ ಪೆಟೂನಿಯಾಕ್ಕೆ ಖಾಲಿ ಇಡುತ್ತೇನೆ.