ಬೀಜದ ಜಾಡಿಗೊಂದು ಬೇಲಿ

ಬಿತ್ತನೆ ಬೀಜ ತುಂಬಿಡುವ ಜಾಡಿಗೆ ಅಲಂಕಾರ ಯಾಕೆ? ಬೀಜಕ್ಕೆ ಕಣ್ಣಿಲ್ಲ. ಇಲಿಗೆ ಕಣ್ಣಿದ್ದರೂ ಅಭಿರುಚಿ ಇಲ್ಲ. ಆದರೂ ಜಪಾನಿನ ಶಿಗರಾಕಿಯ ಕುಂಬಾರರು 14-15ನೇ ಶತಮಾನದಲ್ಲಿ ರೈತರ ಮನೆಗೆಂದು ಮಾಡಿದ ಎಷ್ಟೋ ಜಾಡಿಗಳ ಹೆಗಲ ಮೇಲೆ ಒಂದು ಬೇಲಿ ಗೀರಿದ್ದಾರೆ. ಸುತ್ತಲೂ ಎರಡು ಗೆರೆ, ನಡುವೆ ಒಂದನ್ನೊಂದು ಕತ್ತರಿಸುವ ಓರೆಗೆರೆಗಳ ಸಾಲು. ಹಿನೋಕಿ ಮರದ ತೆಳು ಪಟ್ಟಿ ಹೆಣೆದು ಮಾಡುವ ಬೇಲಿಯ ಹಾಗಿದೆಯೆಂದು ಅಲ್ಲಿನವರು ಅದನ್ನು ಹಿಗಾಕಿ ಎನ್ನುತ್ತಾರೆ. ಅಷ್ಟೇ. ಹೂವಿಲ್ಲ, ಹಕ್ಕಿಯಿಲ್ಲ.

ಅದೂ ನೆಟ್ಟಗಿಲ್ಲ. ನೆಟ್ಟಗಿರುವುದಾದರೂ ಹೇಗೆ? ಅಲ್ಲಿನದು ಬಿವಾ ಸರೋವರದ ಹಳೆಯ ತಳದ ಮಣ್ಣು, ತುಂಬ ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಹರಳು. ಹಸಿ ಮೈಮೇಲೆ ಕಡ್ಡಿ ಎಳೆಯುವಾಗ ಹರಳೊಂದು ಅಡ್ಡ ಸಿಕ್ಕರೆ ಗೆರೆ ಎಡವುತ್ತದೆ, ಇಲ್ಲವೇ ಹರಳನ್ನೇ ಎಳೆದುಕೊಂಡು ಹೋಗುತ್ತದೆ. ಜಾಡಿಯೂ ಮಣ್ಣಿನ ಬತ್ತಿ ಹೊಸೆದು ಸುತ್ತಿನ ಮೇಲೆ ಸುತ್ತು ಕಟ್ಟಿದ್ದು. ಹೆಗಲು ಒಂದು ಕಡೆ ಏರು, ಒಂದು ಕಡೆ ಇಳಿಜಾರು. ಇಷ್ಟು ಸಾಲದೆಂದು ಗುಡ್ಡದ ಓರೆಯಲ್ಲಿ ಕೊರೆದ ಆವಿಗೆಯಲ್ಲಿ ದಿನಗಟ್ಟಲೆ ಸೌದೆ ಉರಿಯುತ್ತದೆ. 1200 ಡಿಗ್ರಿ ದಾಟಿದ ಆ ಬಿಸಿಯಲ್ಲಿ ಹಾರಿ ಬಂದ ಬೂದಿ ಹೆಗಲ ಮೇಲೆ ಕೂತು, ಕರಗಿ, ಹಸಿರು ಗಾಜಾಗಿ ಬೇಲಿ ದಾಟಿ ಇಳಿಯುತ್ತದೆ. ಬೆಂಕಿಗೆ ಬೇಲಿಯ ಮರ್ಯಾದೆ ಗೊತ್ತಿಲ್ಲ.

ಇದಕ್ಕೂ ಮೊದಲು, 12ನೇ ಶತಮಾನದಲ್ಲಿ, ಜಪಾನಿನದೇ ಅತ್ಸುಮಿ ಎಂಬಲ್ಲಿನ ಕುಂಬಾರನೊಬ್ಬ ಜಾಡಿಯ ಮೇಲೆ ಶರತ್ಕಾಲದ ಹುಲ್ಲು ಗೀರಿದ್ದ. ಚಿತಾಭಸ್ಮದ ಕಲಶವಾಗಿ ಮಣ್ಣು ಸೇರಿದ್ದ ಅದು 1942ರಲ್ಲಿ ಕವಾಸಾಕಿಯಲ್ಲಿ ಸಿಕ್ಕಿತು. ಈಗ ಜಪಾನಿನ ರಾಷ್ಟ್ರೀಯ ನಿಧಿ. ಚಂದ ಇದೆ, ಒಪ್ಪಿದೆ. ಗಾಳಿ ಬೀಸಿದ್ದೂ ಕಾಣುತ್ತದೆ. ಆದರೆ ಅವನಿಗೆ ಚಿತ್ರ ಬರುತ್ತಿತ್ತು! ಚಿತ್ರ ಬಾರದವನಿಗೂ, ಸಾರಿಸಿದ ಅಂಗಳ ಕಂಡಾಗ ರಂಗೋಲಿಗೆ ಕೈ ತುರಿಸುವಂತೆ, ಬೋಳು ಹೆಗಲು ಕಂಡರೆ ಏನಾದರೂ ಗೀಚಬೇಕೆನ್ನುವ ಚಪಲ ಇರುತ್ತದಲ್ಲ, ನನ್ನ ಅಕ್ಕರೆ ಅದರ ಮೇಲೆ.

ಮುಂದೆ, ಚಹಾ ಕುಡಿಸುವುದನ್ನೇ ಒಂದು ಕಲೆಯಾಗಿಸಿದ ಚಹಾಕೂಟದ ರಸಿಕರು ಇಂಥ ಪುಟ್ಟ ಜಾಡಿಗಳನ್ನು ಹೊತ್ತೊಯ್ದು ಹೂವಿಟ್ಟರು. ಬೀಜ ಸುರುವಿಕೊಂಡು ಖಾಲಿ ಜಾಡಿ ಕೊಟ್ಟ ರೈತ, ಈ ದೊಡ್ಡವರಿಗೆ ಬೇರೆ ಪಾತ್ರೆ ಇಲ್ಲವೇ ಅಂದುಕೊಂಡಿರಬಹುದು.

ನನಗಿರುವುದು ಒಂದೇ ತಕರಾರು. ಮ್ಯೂಸಿಯಮ್ಮಿನವರು ಫೋಟೋಕ್ಕೆ ಜಾಡಿಯ ಒಳ್ಳೆಯ ಮುಖವನ್ನೇ ತಿರುಗಿಸಿಡುತ್ತಾರೆ. ಸುತ್ತು ಬಂದ ಬೇಲಿ ಹೊರಟಲ್ಲಿಗೇ ಬಂದು ಸೇರುವಾಗ ಜಾಗ ಸಾಲದೆ ಕೊನೆಯ ಎರಡು ಓರೆಗೆರೆಗಳನ್ನು ಆ ಪುಣ್ಯಾತ್ಮ ಹೇಗೆ ತುರುಕಿದ? ಅದನ್ನು ನೋಡಬೇಕು. ಹಿಂಬದಿಯ ಫೋಟೋ ಹಾಕಿ, ಮಾರಾಯರೇ.